ಮಾರ್ಚ್ ಬಂತು, ಕೊತ್ತಂಬರಿ ಹಾಕಬೇಕು

ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಶರತ್ಕಾಲ ಅಂದರೆ ಮಾರ್ಚ್‌ನಿಂದ ಮೇ. ಎಲೆ ಕೆಂಪಾಗಿ ಉದುರುವ ಫೋಟೋಗಳನ್ನೆಲ್ಲ ಮರೆತುಬಿಡಿ, ಇಲ್ಲಿ ಇದು ಬಿತ್ತನೆ ಕಾಲ. ಬೇಸಿಗೆಯಲ್ಲಿ ಸೆಕೆ, ಮಳೆ, ಹುಳ ಮೂರೂ ಸೇರಿ ಏನನ್ನೂ ಉಳಿಸುವುದಿಲ್ಲ. ಡಿಸೆಂಬರ್‌ನಲ್ಲಿ ಸುಮ್ನೆ ಆಸೆಗೆ ಹಾಕಿದ ಕೊತ್ತಂಬರಿ ನಾಲ್ಕು ಎಲೆ ಬಿಡುವಷ್ಟರಲ್ಲಿ ಹೂವಿಗೆ ಬಂದು ಕೂತಿತ್ತು.

ಈ ಸಲ ಧನಿಯಾವನ್ನು ಲಟ್ಟಣಿಗೆಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಅರ್ಧ ಇಂಚು ಆಳಕ್ಕೆ ಹಾಕಿದೆ. ಮೆಂತ್ಯ ಇನ್ನೂ ಸುಲಭ, ನಾಲ್ಕೈದು ದಿನಕ್ಕೆ ಮೊಳಕೆ. ಟೊಮೆಟೊ ಸಸಿಯನ್ನೂ ಈಗಲೇ ನೆಟ್ಟಿದ್ದೇನೆ. ಚಳಿಗಾಲದಲ್ಲಿ ಹಣ್ಣುನೊಣದ ಕಾಟ ಕಡಿಮೆ, ನಗರದೊಳಗೆ ಇಬ್ಬನಿ ಹೆಪ್ಪುಗಟ್ಟುವುದೂ ಅಪರೂಪ, ಹಾಗಾಗಿ ಜೂನ್ ಜುಲೈ ಸಾರಿಗೆ ಮನೆಯ ಹಣ್ಣೇ.

ಊರಿಂದ ಅವರೆ ಬೀಜ ತರುವ ಆಸೆ ಇತ್ತು. ಆದರೆ ಬೀಜ ತಂದರೆ ಏರ್‌ಪೋರ್ಟಿನಲ್ಲಿ ಹೇಳಲೇಬೇಕು, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಯಾರಿಗೆ ಬೇಕು, ಅಲ್ವಾ?

ನನ್ನ ನಿಜವಾದ ತಲೆನೋವು ಬ್ರಷ್ ಟರ್ಕಿ. ಕೋಳಿಗಿಂತ ದೊಡ್ಡ ಕಪ್ಪು ಹಕ್ಕಿ, ಬೋಳು ಕೆಂಪು ತಲೆ, ಗಂಡಿನ ಕೊರಳಲ್ಲಿ ಹಳದಿ ಜೋಲು. ಮೊನ್ನೆ ಮಡಿಗೆ ಹೊದಿಸಿದ್ದ ಒಣಹುಲ್ಲನ್ನೆಲ್ಲ ಕಾಲಲ್ಲಿ ಹಿಂದಕ್ಕೆ ಕೆರೆದು ಕೆರೆದು ಬೇಲಿವರೆಗೂ ಸಾಗಿಸಿತ್ತು, ಜೊತೆಗೆ ನನ್ನ ಮೆಂತ್ಯವನ್ನೂ. ಕಾನೂನಿನ ರಕ್ಷಣೆ ಇರುವ ಹಕ್ಕಿ, ಏನೂ ಮಾಡುವ ಹಾಗಿಲ್ಲ. ಈಗ ಮಡಿಯ ಮೇಲೆ ತಂತಿ ಬಲೆ ಹಾಸಿ ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟಿದ್ದೇನೆ. ಅದು ಬೇಲಿ ಮೇಲೆ ಕೂತು ನೋಡುತ್ತಿದೆ.