ಶಾಬಾದಿನ ಖಣಿಯಲ್ಲಿ ಸಮುದ್ರ

ಕಲಬುರಗಿ ಮಕ್ಕಳನ್ನು ಸಮುದ್ರ ತೋರಿಸಲು ಕಡಲಿನಿಂದ ದೂರದ, ಕಲ್ಲು ಖಣಿಗಳ ಊರು ಶಾಬಾದಿಗೆ ಕರೆದುಕೊಂಡು ಹೋಗುತ್ತೇವೆ ಅಂದರೆ ಯಾರಾದರೂ ನಗುತ್ತಾರೆ. ನಾನೂ ನಕ್ಕಿದ್ದೆ. ಆದರೂ ಸರ್ಕಾರಿ ಶಾಲೆಯ ಮೇಷ್ಟ್ರಾಗಿರುವ ಗೆಳೆಯ ಕರೆದನಲ್ಲ ಅಂತ ಎಂಟನೇ ಕ್ಲಾಸಿನ ಮಕ್ಕಳ ಜೊತೆ ಟೆಂಪೊ ಹತ್ತಿದೆ.

ನಮ್ಮ ಕಡೆ ನೆಲಕ್ಕೆ, ಕಟ್ಟೆಗೆ, ಮೆಟ್ಟಿಲಿಗೆ ಎಲ್ಲಾ ಶಾಬಾದಿನ ಪರ್ಸಿಯೇ, ಅಂದರೆ ಚಪ್ಪಡಿ ಕಲ್ಲೇ. ದಿನಾ ಅದರ ಮೇಲೆ ಮಲಗಿ ಏಳುವ ಮಕ್ಕಳಿಗೆ ಮೇಷ್ಟ್ರು ಖಣಿಯ ಅಂಚಿನಿಂದ ಒಂದು ಗೋಡೆ ತೋರಿಸಿದರು. ಪದರ ಪದರ. ಇದು ಸುಣ್ಣದ ಕಲ್ಲು, 50 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಕೆಸರು ಕೂತು ಕೂತು ಗಟ್ಟಿಯಾದದ್ದು, ಅದಕ್ಕೇ ಉಳಿ ಇಟ್ಟರೆ ಚಪ್ಪಡಿಯಾಗಿ ಏಳುತ್ತದೆ ಅಂದರು.

"ಹಂಗಾರ ಮೀನಿನ ಎಲುಬು ಸಿಗಬೇಕಲ್ರಿ ಸರ?" ಒಬ್ಬಳು ಕೇಳಿದಳು. ಒಳ್ಳೆ ಪ್ರಶ್ನೆ. ಆಗಿನ್ನೂ ಜಗತ್ತಿನಲ್ಲಿ ಮೀನೇ ಹುಟ್ಟಿರಲಿಲ್ಲ, ಪಾಚಿಯಂಥ ಸಣ್ಣ ಜೀವಗಳ ಕಾಲ ಅದು. ಮಕ್ಕಳು ಸ್ವಲ್ಪ ಹೊತ್ತು ನಂಬಲೇ ಇಲ್ಲ.

ಖಣಿಯಲ್ಲಿ 18 ತುಂಬದವರನ್ನು ದುಡಿಸುವಂತಿಲ್ಲ, 6ರಿಂದ 14ರವರೆಗೆ ಶಾಲೆ ಉಚಿತ, ಅದು 2010ರಿಂದ ಜಾರಿಯಲ್ಲಿರುವ ಹಕ್ಕು ಅಂತಲೂ ಮೇಷ್ಟ್ರು ಅಲ್ಲೇ ಹೇಳಿದರು. ಕಲ್ಲಿನ ಪಾಠದ ನಡುವೆ ಇದ್ಯಾಕೆ ಅನ್ನಿಸಿತು, ಆದರೆ ಖಣಿಯ ಎದುರು ಹೇಳದೆ ಇನ್ನೆಲ್ಲಿ ಹೇಳುವುದು, ಅಲ್ವಾ? ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿದೆ. ನಿಸರ್ಗದ ಬಗ್ಗೆ ಗೌರವ ಬೆಳೆಸುವುದೂ ಶಿಕ್ಷಣದ ಗುರಿ ಅನ್ನುತ್ತದೆ ಅದರ 29ನೇ ವಿಧಿ. ಕರಾವಳಿ ಮಕ್ಕಳಿಗೆ ಮಾತ್ರ ಅಂತೇನೂ ಅದರಲ್ಲಿ ಬರೆದಿಲ್ಲ.

ಬೇವಿನ ನೆರಳಲ್ಲಿ ರೊಟ್ಟಿ, ಶೇಂಗಾ ಹಿಂಡಿ ಮುಗಿಸಿ ಭೀಮಾ ಹೊಳೆ ದಂಡೆಯ ಸನ್ನತಿಗೆ ಹೊರಟೆವು. ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದ ಕಡೆಗೂ ಹೋದೆವು. ಅಲ್ಲಿ ಸಿಕ್ಕ 'ರಾಯೋ ಅಸೋಕೋ' (ರಾಜ ಅಶೋಕ) ಅನ್ನುವ ಬರಹದ ಅಶೋಕನ ಶಿಲ್ಪವೂ ಸುಣ್ಣದ ಕಲ್ಲಿನದೇ. ಬಿಸಿಲು ಜಾಸ್ತಿ ಇತ್ತು, ಹೆಚ್ಚು ನಿಲ್ಲಲಿಲ್ಲ.

ಹೊಳೆ ದಂಡೆಯಲ್ಲಿ ಗುಟ್ಕಾ ಚೀಟಿ, ಪೂಜೆಯ ಪ್ಲಾಸ್ಟಿಕ್ ಬಿದ್ದಿತ್ತು. ಮೇಷ್ಟ್ರು ಕಡ್ಡಿಯಿಂದ ಮಣ್ಣಿನ ಮೇಲೆ ನಕ್ಷೆ ಬರೆದರು. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುವ ಭೀಮೆಗೆ ಅರಬ್ಬಿ ಸಮುದ್ರ ಪಕ್ಕದಲ್ಲೇ ಇದೆ. ಆದರೆ ಘಟ್ಟದ ಇಳಿಜಾರು ಈ ಕಡೆ. ಹಾಗಾಗಿ 861 ಕಿಲೋಮೀಟರ್ ಹರಿದು ಕೃಷ್ಣೆಗೆ ಸೇರಿ, ಆಂಧ್ರ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. "ಅಂದ್ರ ಈ ಚೀಟೀನೂ ಹೋಗ್ತದೇನ್ರಿ?" ಒಬ್ಬ ಕೇಳಿದ. ಮಳೆಗಾಲದಲ್ಲಿ ಹೊಳೆಗೆ ಕಟ್ಟಿದ ಬಾಂದಾರದ ಗೇಟು ಎತ್ತಿದರೆ ಹೋಗಬಹುದು. ಅವನು ಅದನ್ನೆತ್ತಿ ಜೇಬಿಗೆ ಹಾಕಿಕೊಂಡ. ಉಳಿದವರು ಸುಮ್ನೆ ನೋಡುತ್ತಿದ್ದರು, ನಿಜ ಹೇಳಬೇಕಲ್ಲ.

ವಾಪಸ್ ಬರುವಾಗ ಟೆಂಪೊದಲ್ಲೇ ಹೆಡ್‌ಮಾಸ್ತರರಿಗೆ ಅರ್ಜಿ ತಯಾರಾಯಿತು: ಮುಂದಿನ ವರ್ಷ ಕಾರವಾರಕ್ಕೆ ಹೋಗಬೇಕು. ಮಕ್ಕಳ ಮಾತು ಕೇಳಬೇಕು ಅಂತ ಅದೇ ಒಡಂಬಡಿಕೆಯ 12ನೇ ವಿಧಿಯಲ್ಲಿದೆ ಅನ್ನುವುದನ್ನೂ ಮೇಷ್ಟ್ರ ಹತ್ತಿರ ಕೇಳಿ ಕೆಳಗೆ ಬರೆದಿದ್ದರು. ಹೆಡ್‌ಮಾಸ್ತರರು ಓದಿ, ಬಸ್ ಬಾಡಿಗೆ ಎಷ್ಟು ಅಂತ ಮೊದಲು ವಿಚಾರಿಸಿಕೊಂಡು ಬನ್ನಿ ಅಂದರಂತೆ.