ಒಂದೇ ಗೋಡೆಯ ಒಳಗೆ

ಫ್ರಾನ್ಸಿನ ಡಿಜೋನ್‌ ನಗರದಿಂದ ರೈಲು ಹತ್ತಿ ವೂಜೋ ಎಂಬ ಚಿಕ್ಕ ಸ್ಟೇಷನ್‌ನಲ್ಲಿ ಇಳಿದೆವು. ಅಕ್ಟೋಬರ್ ತಿಂಗಳು. ಕೊಯ್ಲು ಮುಗಿದು ದ್ರಾಕ್ಷಿ ಎಲೆ ಹಳದಿಯಾಗಿತ್ತು. ಸ್ವಲ್ಪ ನಡೆದರೆ ಕಲ್ಲಿನ ಗೋಡೆ. ನಾನು ಬಂದಿದ್ದೇ ಅದನ್ನು ನೋಡಲು. ಅದನ್ನು ಕಟ್ಟಿ ಮುಗಿಸಿದ್ದು 1336ರಲ್ಲಿ, ನಮ್ಮಲ್ಲಿ ವಿಜಯನಗರ ಹುಟ್ಟಿದ ವರ್ಷ! ಒಳಗೆ ಸುಮಾರು 125 ಎಕರೆ ವೈನ್ ದ್ರಾಕ್ಷಿ ತೋಟ. ಹೆಸರು ಕ್ಲೋ ದ ವೂಜೋ. ‘ಕ್ಲೋ’ ಅಂದರೆ ಗೋಡೆ ಹಾಕಿದ ತೋಟ.

ಇದನ್ನು ಮಾಡಿದವರು ಹತ್ತಿರದ ಸಿತೋ ಮಠದ ಸನ್ಯಾಸಿಗಳು. ಮಠ ಶುರುವಾದದ್ದು 1098ರಲ್ಲಿ. 12ನೇ ಶತಮಾನದಿಂದ ಅವರು ಇಲ್ಲಿ ತುಂಡು ತುಂಡು ನೆಲ ಕೂಡಿಸುತ್ತಾ ಬಂದರು.

ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ಓಡಾಡಬಹುದು. ಇಲ್ಲಿ ಬಳ್ಳಿ ಸೊಂಟದೆತ್ತರ ಅಷ್ಟೇ, ಸಾಲು ಒತ್ತೊತ್ತಾಗಿ. ತಳಿ ಪಿನೋ ನ್ವಾರ್. ದಾರಿ ಪಕ್ಕ ಮುಷ್ಟಿಯಷ್ಟು ದೊಡ್ಡ ಗೊಂಚಲೊಂದು ಬಿದ್ದಿತ್ತು. ಒಂದು ಹಣ್ಣು ಹಿಸುಕಿದೆ. ಕಪ್ಪು ಹಣ್ಣಿನ ರಸ ಹೆಚ್ಚುಕಮ್ಮಿ ನೀರಿನ ಬಣ್ಣ! ಕೆಂಪೆಲ್ಲ ಇರುವುದು ಸಿಪ್ಪೆಯಲ್ಲಿ. ಅದಕ್ಕೇ ಸಿಪ್ಪೆ ಸಮೇತ ಹುದುಗಿಸುತ್ತಾರೆ. ಹುಳಿ ಬರುವಾಗ ಸಿಪ್ಪೆ ಮೇಲೆದ್ದು ದಪ್ಪ ಪದರ ಕಟ್ಟುತ್ತದೆ. ಅದನ್ನು ಮತ್ತೆ ಮತ್ತೆ ಒಳಗೆ ಅದುಮಬೇಕು. ಆಮೇಲೆ ಹಿಂಡಿ, 228 ಲೀಟರಿನ ಓಕ್ ಪೀಪಾಯಿಗಳಲ್ಲಿ ವರ್ಷದ ಮೇಲೆ ಇಡುತ್ತಾರೆ.

ತೋಟದ ನಡುವಿನ ಹಳೆ ಕಟ್ಟಡದಲ್ಲಿ ಸನ್ಯಾಸಿಗಳ ಕಾಲದ, ದ್ರಾಕ್ಷಿ ಹಿಂಡುವ ನಾಲ್ಕು ಮರದ ಪ್ರೆಸ್‌ಗಳಿವೆ. ಇಡೀ ಮರವನ್ನೇ ಅಡ್ಡ ಮಲಗಿಸಿದಂಥ ತೊಲೆಗಳು, ತುದಿಯಲ್ಲಿ ಮರದ್ದೇ ತಿರುಪು. ನಮ್ಮೂರಿನ ಎಣ್ಣೆ ಗಾಣ ನೆನಪಾಯಿತು. ತೊಲೆ ಮುಟ್ಟಬೇಕು ಅನ್ನಿಸಿತು, ಹಗ್ಗ ಕಟ್ಟಿದ್ದರಿಂದ ಸುಮ್ನೆ ನೋಡುತ್ತಾ ನಿಂತೆ.

ಫ್ರೆಂಚ್ ಕ್ರಾಂತಿಯಲ್ಲಿ ತೋಟ ಮಠದ ಕೈತಪ್ಪಿತು, ಹರಾಜಾಯಿತು. ಆಮೇಲೆ ಪಾಲಾಗುತ್ತಾ ಈಗ ಸುಮಾರು 80 ಮಾಲೀಕರು. ಕೆಲವರಿಗೆ ಬರೀ ಒಂದಷ್ಟು ಸಾಲು. ತೋಟದ ಮೇಲ್ಭಾಗದಲ್ಲಿ ಸುಣ್ಣಕಲ್ಲಿನ ನೆಲ, ನೀರು ನಿಲ್ಲುವುದಿಲ್ಲ. ಕೆಳಗೆ ರಸ್ತೆ ಪಕ್ಕ ಜೇಡಿಮಣ್ಣು, ತೇವ ಜಾಸ್ತಿ. ಎರಡರ ವೈನ್‌ಗೂ ಒಂದೇ ಹೆಸರು, ಒಂದೇ ದರ್ಜೆ: ಗ್ರಾಂ ಕ್ರೂ, ಅಂದರೆ ಇಲ್ಲಿನ ಎಲ್ಲಕ್ಕಿಂತ ಮೇಲಿನ ದರ್ಜೆ. ನನಗಿದು ಸರಿ ಕಾಣಲಿಲ್ಲ. ತೋಟವೆಲ್ಲ ಒಬ್ಬರ ಕೈಯಲ್ಲಿದ್ದಾಗ ಮೇಲಿನದನ್ನೂ ಕೆಳಗಿನದನ್ನೂ ಬೆರೆಸಿ ಹದ ಮಾಡಬಹುದಿತ್ತು, ಅಲ್ವಾ? ಈಗ ಕೊಳ್ಳುವವರು ಹೆಸರಿನ ಜೊತೆ ಯಾರ ಪಾಲು, ಅದು ಎಲ್ಲಿದೆ ಅಂತಲೂ ಕೇಳಬೇಕು.

ಹಿಂದಿನ ರಾತ್ರಿ ಮಳೆಯಾಗಿತ್ತು. ಸ್ಟೇಷನ್‌ನಲ್ಲಿ ಕೂತು ಕಡ್ಡಿಯಿಂದ ಶೂಗೆ ಮೆತ್ತಿದ ಮಣ್ಣು ಕೆರೆದೆ. ಮೇಲಿನ ಸಾಲುಗಳಲ್ಲಿ ಓಡಾಡುವಾಗ ಶೂ ಸ್ವಚ್ಛವಾಗಿಯೇ ಇತ್ತು. ಅಂಟಿದ್ದೆಲ್ಲ ರಸ್ತೆ ಪಕ್ಕದ ಮಣ್ಣು.