ಪಾರ್ಕಿನೊಳಗೆ ರೂಮೋ, ಹೊರಗೆ ಲಾಡ್ಜೋ? ನಮ್ಮ ಕಡೆಯಿಂದ ಹೊರಡುವವರ ಲೆಕ್ಕ

ಬೆಂಗಳೂರು–ಮೈಸೂರು ರಸ್ತೆಯ ಬಿಡದಿ ಹತ್ತಿರದ ವಂಡರ್‌ಲಾ ಪಾರ್ಕಿಗೆ ಹೋದಾಗ ಅದರ ರೆಸಾರ್ಟಿನಲ್ಲೇ ಇಳಿಯಬೇಕೋ, ಹೊರಗೆ ಲಾಡ್ಜ್ ಹಿಡಿಯಬೇಕೋ ಎಂಬುದಕ್ಕೆ ಬೆಂಗಳೂರಿನವರ ಉತ್ತರ ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಹೊಂದೋದಿಲ್ಲ. ಬೆಂಗಳೂರಿನವರು ಮನೆಯಲ್ಲಿ ತಿಂಡಿ ತಿಂದು ಗೇಟಿಗೆ ಬರುತ್ತಾರೆ. ನಾವು ರಾತ್ರಿ ಗಾಡಿ ಹತ್ತಿ ಬೆಳಗಾಗುವಾಗ ಮೆಜೆಸ್ಟಿಕ್‌ನಲ್ಲಿ ಇಳಿಯುವವರು. ಹಾಗಾಗಿ ರೂಮಿನ ದರ ಕೇಳುವ ಮೊದಲು ತಾಸಿನ ಲೆಕ್ಕ ಹಾಕಬೇಕು.

ಪಾರ್ಕ್ ತೆರೆಯೋದು ಸಾಮಾನ್ಯವಾಗಿ 11ಕ್ಕೆ. ರೆಸಾರ್ಟುಗಳಲ್ಲಿ ಚೆಕ್‌ಇನ್ ಮಧ್ಯಾಹ್ನ 2ರ ಸುಮಾರಿಗೆ. ಬೆಳಗ್ಗೆ 6–7ಕ್ಕೆ ಇಳಿದವರಿಗೆ ದುಬಾರಿ ರೂಮು ಬುಕ್ ಮಾಡಿಯೂ ಹುಡುಗರಿಗೆ ಸ್ನಾನ ಮಾಡಿಸಲು ಜಾಗ ಇರೋದಿಲ್ಲ. ಒಂದೇ ದಿನ ಆಡಿ ಅದೇ ರಾತ್ರಿ ಗಾಡಿಗೆ ವಾಪಸ್ಸಾಗುವುದಿದ್ದರೆ ಮೆಜೆಸ್ಟಿಕ್ ಸುತ್ತಲಿನ, 24 ತಾಸಿನ ಚೆಕ್‌ಔಟ್ ಇರುವ ಲಾಡ್ಜೇ ಸರಿ. ಫೋನಿನಲ್ಲಿ ನೇರ ಕೇಳಿ: “ಅಣ್ಣಾರ, ರೂಮು 24 ತಾಸಿಂದೋ, ಮಧ್ಯಾಹ್ನ 12ಕ್ಕ ಬಿಡಬೇಕೋ?” ಎರಡನೇ ಥರದ್ದಾದರೆ ಪಾರ್ಕಿಗೆ ಹೊರಡುವಾಗಲೇ ಸಾಮಾನು ಎತ್ತಬೇಕು, ಸಂಜೆ ಒದ್ದೆ ಬಟ್ಟೆಯ ಗಂಟು ಹೊತ್ತು ಸ್ಟೇಷನ್ನಿಗೆ ಹೋಗಬೇಕು.

ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೋ ಚಲ್ಲಘಟ್ಟದವರೆಗೆ ಹೋಗುತ್ತದೆ. ಅಲ್ಲಿಂದ ಮುಂದೆ ಆಟೊ, ಕ್ಯಾಬ್ ಅಥವಾ ಬಿಡದಿ ಕಡೆಯ ಬಸ್ಸು. 2023ರ ಆಗಸ್ಟ್‌ನಿಂದ ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಆಟೊ ಬಿಡೋದಿಲ್ಲ, ಸರ್ವಿಸ್ ರಸ್ತೆಯಲ್ಲೇ ನಿಧಾನ ಸಾಗಬೇಕು. ಸ್ವಂತ ಕಾರಿನವರ ತೊಂದರೆ ಇದರ ಉಲ್ಟಾ: ಸರ್ವಿಸ್ ರಸ್ತೆಗೆ ಇಳಿಯೋದು ತಪ್ಪಿತೋ, ಬಿಡದಿ ಬೈಪಾಸ್ ಹಿಡಿದು ಮುಂದೆ ಹೋಗಿಬಿಡುತ್ತೀರಿ.

ಪಾರ್ಕಿನ ರೂಮಿಗೆ ದುಡ್ಡು ಸಾರ್ಥಕವಾಗೋದು ಯಾವಾಗ? ಮನೆಯಲ್ಲಿ ಮಧ್ಯಾಹ್ನ ಮಲಗುವ ಕೂಸಿದ್ದಾಗ, ಅಥವಾ ಬಿಸಿಲಲ್ಲಿ ಬೆಂಚಿನ ಮೇಲೆ ದಿನವಿಡೀ ಕೂರಲಾಗದ ಆಯಿ ಜೊತೆಗಿದ್ದಾಗ. 140 ಸೆಂ.ಮೀ. ಎತ್ತರ ದಾಟದ ಹುಡುಗರಿಗೆ ದೊಡ್ಡ ಜೋರಿನ ರೈಡುಗಳು ಹೇಗೂ ಸಿಗೋದಿಲ್ಲ. ಅವರ ಖುಷಿಯೆಲ್ಲ ನೀರಿನಲ್ಲಿ. ನೀರಿಗಿಳಿಯಲು ನೈಲಾನ್ ಬಟ್ಟೆಯೇ ಬೇಕು, ಕಾಟನ್ ಬಿಡೋದಿಲ್ಲ. ಒದ್ದೆಯಾದ ಮೇಲೆ ಐದು ನಿಮಿಷದಲ್ಲಿ ರೂಮು ಸೇರುವಂತಿದ್ದರೆ ಅರ್ಧ ರಗಳೆ ಕಡಿಮೆ. ಆದರೆ ಒಮ್ಮೆ ಹೊರಬಂದವರನ್ನು ಅದೇ ಟಿಕೆಟ್ಟಿನಲ್ಲಿ ಮತ್ತೆ ಒಳಗೆ ಬಿಡುತ್ತಾರೋ ಎಂದು ಬುಕ್ ಮಾಡುವ ಮುನ್ನ ಕೇಳಲೇಬೇಕು. ಬಿಡದಿದ್ದರೆ ರೂಮು ಅಷ್ಟು ಹತ್ತಿರ ಇದ್ದು ಏನು ಉಪಯೋಗ?

ತೆರಿಗೆಯಲ್ಲೊಂದು ಗೆರೆ ಇದೆ. 2025ರ ಸೆಪ್ಟೆಂಬರ್ 22ರಿಂದ ರಾತ್ರಿಗೆ 7,500 ರೂ. ವರೆಗಿನ ರೂಮಿಗೆ ಜಿಎಸ್‌ಟಿ 5%, ಅದಕ್ಕಿಂತ ಹೆಚ್ಚಿನ ದರದ ರೂಮಿಗೆ 18%. 7,400ರ ರೂಮು ಕೈಗೆ 7,770 ಬೀಳುತ್ತದೆ, 7,800ರದು 9,204. ಐದಾರು ಜನರ ಮನೆಗೆ ಒಂದು ರೂಮು ಸಾಲೋದಿಲ್ಲವಾದ್ದರಿಂದ ಇದನ್ನು ಎರಡರಿಂದ ಗುಣಿಸಿ. ಹೊರಗಿನ ಲಾಡ್ಜುಗಳಲ್ಲಿ ಮೂರು-ನಾಲ್ಕು ಹಾಸಿಗೆಯ ಫ್ಯಾಮಿಲಿ ರೂಮು ಕೇಳಿದರೆ ಸಿಗುವುದುಂಟು. ಬುತ್ತಿ ಬಿಚ್ಚಿ ಕಟಕರೊಟ್ಟಿ, ಶೇಂಗಾ ಚಟ್ನಿ ತಿನ್ನಲೂ ಅಲ್ಲಿ ಯಾರ ಅಡ್ಡಿಯಿಲ್ಲ. ಪಾರ್ಕಿನೊಳಗೆ ಹೊರಗಿನ ಊಟ ಒಯ್ಯುವಂತಿಲ್ಲ.

ಇನ್ನೊಂದು ಮಾತು: ಬೆಳಗಾವಿ, ವಿಜಯಪುರದವರಿಗೆ ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾ ಪಾರ್ಕು ಬಿಡದಿಗಿಂತ ಹತ್ತಿರ. ಬೆಳಗಾವಿಯವರು ಕೊಲ್ಹಾಪುರದ ಮೇಲೆ, ವಿಜಯಪುರದವರು ಸೊಲ್ಲಾಪುರದ ಮೇಲೆ ಪುಣೆ ಸೇರಿ ಮುಂದೆ ಹೋಗಬಹುದು. ಬಾಗಲಕೋಟೆಯವರಿಗೆ ಹೆಚ್ಚುಕಮ್ಮಿ ಎರಡೂ ಒಂದೇ. ಇಮ್ಯಾಜಿಕಾದಲ್ಲಿ ಥೀಮ್ ಪಾರ್ಕು, ವಾಟರ್ ಪಾರ್ಕು ಬೇರೆ ಬೇರೆ. ಎರಡನ್ನೂ ನೋಡಲು ಎರಡು ದಿನ ಬೇಕು. ಅಗ್ಗ ಎಂದು ಘಾಟಿನ ಮೇಲಿನ ಲೋಣಾವಳದಲ್ಲಿ ರೂಮು ಹಿಡಿದರೆ ದಿನಾ ಘಾಟ್ ಇಳಿದು ಹತ್ತಬೇಕು. ಮಳೆಗಾಲದ ಶನಿವಾರ-ಭಾನುವಾರ ಅಲ್ಲಿ ದರವೂ ಏರಿರುತ್ತದೆ, ವಾಹನಗಳೂ ಸಾಲುಗಟ್ಟಿರುತ್ತವೆ. ಇಮ್ಯಾಜಿಕಾಕ್ಕೆ ಮಾತ್ರ ಪಾರ್ಕಿನ ಪಕ್ಕದ ಹೋಟೆಲೇ ಮೇಲು, ಇಲ್ಲವೇ ಖೋಪೋಲಿ ಊರಿನ ಲಾಡ್ಜು.

ಬಾಡಿಗೆ ಗಾಡಿಯಲ್ಲಿ ಹೋಗುವವರು ಗಾಡಿಯ ಲೆಕ್ಕ ಮರೆಯಬಾರದು. ಹೊರೂರಿಗೆ ದಿನಕ್ಕೆ 250–300 ಕಿ.ಮೀ. ಕನಿಷ್ಠ ಹಿಡಿಯೋದು ರೂಢಿ, ಮೇಲೆ ಡ್ರೈವರ್ ಭತ್ತೆ. ಪಾರ್ಕಿನಲ್ಲಿ ಒಂದು ರಾತ್ರಿ ಹೆಚ್ಚು ಉಳಿದರೆ ನಿಂತ ಗಾಡಿಗೂ ಅಷ್ಟು ಕೊಡಬೇಕು. ಡ್ರೈವರ್ ಎಲ್ಲಿ ಮಲಗುತ್ತಾನೆ ಎಂದೂ ಹೋಟೆಲಿನವರನ್ನು ಮೊದಲೇ ಕೇಳಿ. ರಾತ್ರಿಯೆಲ್ಲ ಸೀಟಿನಲ್ಲಿ ಮುದುಡಿ ಮಲಗಿದವನಿಂದ ಮರುದಿನ 400–500 ಕಿ.ಮೀ. ಗಾಡಿ ಓಡಿಸಬಾರದು.